ಕ್ರೇಗಿಬರ್ನ್ ಹಿತ್ತಿಲಿನ ಕರಿಬೇವು: ಚಳಿಗಾಲ ದಾಟಿಸುವ ಬಗೆ

ಮೆಲ್ಬರ್ನ್ ನಗರದ ಉತ್ತರದ ಅಂಚಿನಲ್ಲಿರುವ, ಹ್ಯೂಮ್ ನಗರಾಡಳಿತಕ್ಕೆ ಸೇರಿದ ಕ್ರೇಗಿಬರ್ನ್‌ನಲ್ಲಿ ಮನೆ ಮಾಡಿಕೊಂಡ ಕನ್ನಡ ಕುಟುಂಬಗಳು ಹಿತ್ತಿಲಿಗೆಂದು ಮೊದಲು ಕೊಂಡುತರುವ ಗಿಡ ಬಹುಮಟ್ಟಿಗೆ ಕರಿಬೇವೇ ಆಗಿರುತ್ತದೆ. ನವೆಂಬರ್‌ನಲ್ಲಿ ನರ್ಸರಿಯಿಂದ ತಂದು ನೆಟ್ಟ ಸಸಿ ಫೆಬ್ರವರಿಯ ಹೊತ್ತಿಗೆ ಮೊಣಕಾಲೆತ್ತರ ಬೆಳೆದು, ಒಗ್ಗರಣೆಗೆ ವಾರಕ್ಕೆರಡು ಎಸಳು ಕೊಡುವಂತಾಗಿ, ಮೇ ತಿಂಗಳಲ್ಲಿ ಹಳದಿಗೆ ತಿರುಗಿ, ಜುಲೈನಲ್ಲಿ ಎಲೆಯೆಲ್ಲ ಉದುರಿಸಿ, ಸೆಪ್ಟೆಂಬರ್‌ನಲ್ಲಿ ಬರಿಯ ಕಡ್ಡಿಯಾಗಿ ಕಸದ ತೊಟ್ಟಿ ಸೇರುವುದು ಅನೇಕ ಮನೆಗಳಲ್ಲಿ ವರ್ಷ ವರ್ಷವೂ ನಡೆಯುವ ಸಂಗತಿ. ಇಲ್ಲಿಯ ಚಳಿಗೆ ಕರಿಬೇವು ಬದುಕದು ಎಂಬ ಮಾತು ಹೀಗೆ ಹುಟ್ಟಿಕೊಂಡಿದೆ. ಆ ಮಾತಿನಲ್ಲಿ ಅರ್ಧ ಸತ್ಯವಷ್ಟೇ ಇದೆ. ಚಳಿ ಗಿಡವನ್ನು ಮಲಗಿಸುತ್ತದೆ. ಮಲಗಿದ ಗಿಡದ ಬೇರಿನ ಸುತ್ತ ತಿಂಗಳುಗಟ್ಟಲೆ ನಿಂತ ತಣ್ಣನೆಯ ತೇವ ಅದನ್ನು ಕೊಲ್ಲುತ್ತದೆ. ಆ ತೇವಕ್ಕೆ ಅಕ್ಕರೆಯಿಂದ ಇನ್ನಷ್ಟು ನೀರು ಸೇರಿಸುವವರು ಸಾಮಾನ್ಯವಾಗಿ ಮನೆಯವರೇ.

ಕರಿಬೇವು ಲಿಂಬೆ, ಕಿತ್ತಳೆ, ಬಿಲ್ವಗಳ ಕುಟುಂಬವಾದ ರುಟೇಸಿಗೆ ಸೇರಿದ ಸಣ್ಣ ಮರ. ಭಾರತ ಮತ್ತು ಶ್ರೀಲಂಕಾಗಳ ಮಳೆಗಾಲದ ಕಾಡುಗಳಲ್ಲಿ, ನೀರು ನಿಲ್ಲದೆ ಹರಿದುಹೋಗುವ ಇಳಿಜಾರುಗಳಲ್ಲಿ ಅದು ತಾನಾಗಿ ಬೆಳೆಯುತ್ತದೆ. ಚಳಿಗೆ ಅದು ಹಿಂಜರಿಯುವುದು ಕರ್ನಾಟಕದಲ್ಲೂ ಕಂಡ ವಿಷಯವೇ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹೊರತಂದ ಎರಡು ತಳಿಗಳ ಪೈಕಿ ಡಿಡಬ್ಲ್ಯುಡಿ-1 ಎಂಬುದು ಪರಿಮಳದಲ್ಲಿ ಮುಂದಿದ್ದರೂ ಚಳಿಗಾಲದಲ್ಲಿ ಸರಿಯಾಗಿ ಚಿಗುರುವುದಿಲ್ಲವೆಂದೂ, ಡಿಡಬ್ಲ್ಯುಡಿ-2ಕ್ಕೆ ಆ ದೋಷ ಅಷ್ಟಾಗಿ ಇಲ್ಲವೆಂದೂ ಹೇಳಲಾಗುತ್ತದೆ. ಧಾರವಾಡದ ಹದವಾದ ಚಳಿಗೇ ಚಿಗುರು ನಿಲ್ಲಿಸುವ ಗಿಡ ಕ್ರೇಗಿಬರ್ನ್‌ನ ಜುಲೈನಲ್ಲಿ ಎಲೆ ಉದುರಿಸಿದರೆ ಅದನ್ನು ರೋಗವೆಂದು ಬಗೆಯಬೇಕಾಗಿಲ್ಲ.

ಸೊರಗುವುದಕ್ಕೆ ಮೂರು ಕಾರಣಗಳು

ಮೊದಲನೆಯದು ಋತುಗಳ ಜೋಡಣೆ. ಕರ್ನಾಟಕದ ಬಹುಭಾಗದಲ್ಲಿ ಚಳಿ ಬರುವ ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತದೆ. ಡಿಸೆಂಬರ್, ಜನವರಿಗಳಲ್ಲಿ ಗಾಳಿ ತಂಪಾಗಿದ್ದರೂ ಮಣ್ಣು ಒಣಗಿ ಬೆಚ್ಚಗಿರುತ್ತದೆ. ಮೆಲ್ಬರ್ನ್‌ನ ಉತ್ತರ ಭಾಗದಲ್ಲಿ ವರ್ಷದ ಒಟ್ಟು ಮಳೆ ಬೆಂಗಳೂರಿಗಿಂತ ಕಡಿಮೆಯಾದರೂ, ಅದು ವರ್ಷವಿಡೀ ಹಂಚಿ ಬೀಳುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲು ಕ್ಷೀಣವಾಗಿ, ಹಗಲಿನ ಗರಿಷ್ಠ ಉಷ್ಣಾಂಶ 13 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೂ ರಾತ್ರಿಯದು ಐದಾರು ಡಿಗ್ರಿಯಲ್ಲೂ ಇರುವುದರಿಂದ ಬಿದ್ದ ನೀರು ಆವಿಯಾಗುವುದೇ ಇಲ್ಲವೆನ್ನಬೇಕು. ಉಷ್ಣಾಂಶ 15 ಡಿಗ್ರಿಗಿಂತ ಕೆಳಗಿಳಿದಾಗ ಕರಿಬೇವು ಬಹುಮಟ್ಟಿಗೆ ಸುಪ್ತಾವಸ್ಥೆಗೆ, ಎಂದರೆ ಬೆಳವಣಿಗೆ ನಿಲ್ಲಿಸಿ ಉಳಿದ ಶಕ್ತಿಯಲ್ಲಿ ದಿನ ದೂಡುವ ಸ್ಥಿತಿಗೆ ಹೋಗುತ್ತದೆ. ಆಗ ಎಲೆಗಳು ನೀರು ಬಿಡುವುದಿಲ್ಲವಾದ್ದರಿಂದ ಬೇರುಗಳು ನೀರು ಎಳೆಯುವುದಿಲ್ಲ. ಬೇರಿಗೂ ಉಸಿರಾಟವುಂಟು, ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗವನ್ನೆಲ್ಲ ನೀರು ತುಂಬಿಕೊಂಡಾಗ ಅದು ಉಸಿರುಕಟ್ಟಿ ನಿತ್ರಾಣವಾಗುತ್ತದೆ, ಮತ್ತು ಆ ಸ್ಥಿತಿಯನ್ನೇ ಕಾಯುವ ಫೈಟಾಫ್ತೊರ, ಪಿಥಿಯಂ ಎಂಬ ನೀರಿನಲ್ಲಿ ಹರಡುವ ಸೂಕ್ಷ್ಮಜೀವಿಗಳು ಬೇರನ್ನು ಕೊಳೆಸುತ್ತವೆ.

ಎರಡನೆಯದು ಮಣ್ಣು. ಕ್ರೇಗಿಬರ್ನ್ ಇರುವುದು ಪ್ರಾಚೀನ ಲಾವಾ ಹರಿದು ಉಂಟಾದ ವಿಕ್ಟೋರಿಯಾದ ಜ್ವಾಲಾಮುಖಿ ಬಯಲಿನ ಮೇಲೆ. ಮೆಲ್ಬರ್ನ್ ಜನ ಬ್ಲೂಸ್ಟೋನ್ ಎಂದು ಕರೆಯುವ ಬಸಾಲ್ಟ್ ಶಿಲೆ ಸವೆದು ಆದ ಜೇಡಿಮಣ್ಣೇ ಇಲ್ಲಿಯ ನೆಲ. ವಿಜಯಪುರ, ಬಾಗಲಕೋಟೆಗಳ ಎರೆಭೂಮಿಯೂ ದಖನ್ನಿನ ಬಸಾಲ್ಟ್‌ನಿಂದಲೇ ಬಂದದ್ದಾದ್ದರಿಂದ, ಆ ಸೀಮೆಯವರಿಗೆ ಈ ಮಣ್ಣಿನ ಸ್ವಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ: ನೀರು ಕುಡಿದರೆ ಉಬ್ಬುತ್ತದೆ, ಕಾಲಿಗೆ ಅಂಟುತ್ತದೆ, ಒಣಗಿದರೆ ಬೆರಳು ತೂರುವಷ್ಟು ಬಿರಿಯುತ್ತದೆ. ಇದರ ಜೊತೆಗೆ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟುವಾಗ ಮೇಲ್ಮಣ್ಣು ಬಳಿದುಹೋಗಿ, ಭಾರದ ಯಂತ್ರಗಳು ಓಡಾಡಿ ಕೆಳಮಣ್ಣು ಬಿಗಿದುಕೊಂಡು, ಕೊನೆಗೆ ಹುಲ್ಲುಹಾಸಿಗೆಂದು ನಾಲ್ಕು ಬೆರಳಿನಷ್ಟು ಹೊಸ ಮಣ್ಣು ಹರಡಿರುವುದು ಸಾಮಾನ್ಯ. ಕಣ್ಣಿಗೆ ಸೊಗಸಾಗಿ ಕಾಣುವ ಆ ಮೇಲ್ಪದರವನ್ನು ನಂಬಿ ನೆಟ್ಟ ಗಿಡ ಕೆಳಗಿನ ಗಟ್ಟಿ ಪದರದ ಮೇಲೆ ನಿಂತ ನೀರಿನಲ್ಲಿ ಕಾಲಿಟ್ಟಿರುತ್ತದೆ.

ಮೂರನೆಯದು ಬಿಸಿಲಿನ ದಿಕ್ಕು. ದಕ್ಷಿಣಾರ್ಧಗೋಳದಲ್ಲಿ ನಡುಹಗಲಿನ ಸೂರ್ಯ ಉತ್ತರದ ಆಕಾಶದಲ್ಲಿರುತ್ತಾನೆ. ಬೆಂಗಳೂರಿನಲ್ಲಿ ವರ್ಷದ ಅತಿ ತಗ್ಗಿನ ನಡುಹಗಲ ಸೂರ್ಯನೂ ಕ್ಷಿತಿಜದಿಂದ ಸುಮಾರು 54 ಡಿಗ್ರಿ ಎತ್ತರದಲ್ಲಿದ್ದರೆ, ಕ್ರೇಗಿಬರ್ನ್‌ನಲ್ಲಿ ಜೂನ್ 21ರ ಸುಮಾರಿಗೆ ಆ ಎತ್ತರ 29 ಡಿಗ್ರಿ ಮಾತ್ರ. ಇದರ ಪರಿಣಾಮವನ್ನು ಅಳತೆಯಲ್ಲಿ ಹೇಳುವುದಾದರೆ, ಹಿತ್ತಿಲಿನ ಉತ್ತರ ಗಡಿಯಲ್ಲಿ 1.8 ಮೀಟರ್ ಎತ್ತರದ ತಗಡಿನ ಬೇಲಿ ಇದ್ದಲ್ಲಿ, ಡಿಸೆಂಬರ್‌ನ ನಡುಹಗಲಲ್ಲಿ ಅದರ ನೆರಳು ಅರ್ಧ ಮೀಟರನ್ನೂ ಮುಟ್ಟುವುದಿಲ್ಲ. ಜೂನ್‌ನಲ್ಲಿ ಅದೇ ಬೇಲಿಯ ನೆರಳು ಮೂರೂಕಾಲು ಮೀಟರ್ ಒಳಕ್ಕೆ ಚಾಚುತ್ತದೆ. ಬೇಸಿಗೆಯಲ್ಲಿ ಧಾರಾಳವಾಗಿ ಬಿಸಿಲು ಬೀಳುವ ಮೂಲೆಯೆಂದು ಆರಿಸಿದ ಜಾಗ, ಬಿಸಿಲು ಅತ್ಯವಶ್ಯವಾದ ಮೂರು ತಿಂಗಳು ಪೂರಾ ನೆರಳಿನಲ್ಲಿರುವುದು ಹೀಗೆ. ಇಂದಿನ ಸಣ್ಣ ನಿವೇಶನಗಳಲ್ಲಿ ಮನೆಯ ಹಿಂಭಾಗದಿಂದ ಬೇಲಿಗಿರುವ ದೂರವೇ ನಾಲ್ಕೈದು ಮೀಟರಾದ ಕಡೆ ಈ ಲೆಕ್ಕವನ್ನು ಗಿಡ ಕೊಳ್ಳುವ ಮೊದಲೇ ಹಾಕಬೇಕು.

ಬೆಳೆಸುವ ಕ್ರಮ

1. ಸರಿಯಾದ ಗಿಡವನ್ನೇ ಕೊಳ್ಳುವುದು. ಆಸ್ಟ್ರೇಲಿಯಾದ ನರ್ಸರಿಗಳಲ್ಲಿ ಹೆಸರಿನ ಗೊಂದಲ ಸಾಕಷ್ಟಿದೆ. ಕರಿ ಪ್ಲಾಂಟ್ ಎಂಬ ಚೀಟಿ ಹೊತ್ತ, ಬೂದಿಬಣ್ಣದ ಸೂಜಿಯಂಥ ಎಲೆಗಳ ಕುರುಚಲು ಗಿಡ ಯುರೋಪಿನ ಹೆಲಿಕ್ರೈಸಂ. ವಾಸನೆ ಹತ್ತಿರ ಬಂದರೂ ಅಡುಗೆಯ ಕರಿಬೇವಿಗೂ ಅದಕ್ಕೂ ಸಂಬಂಧವಿಲ್ಲ. ಬೇಲಿಗಿಡವಾಗಿ ಸಾಲುಗಟ್ಟಲೆ ಮಾರಾಟವಾಗುವ, ಮುರ್ರಾಯ ಎಂದಷ್ಟೇ ಬರೆದಿರುವ ಬಿಳಿ ಹೂವಿನ ಗಿಡ ಕರಿಬೇವಿನ ಹತ್ತಿರದ ನಂಟಸ್ತನದ್ದಾದರೂ ಒಗ್ಗರಣೆಗೆ ಬರುವುದಿಲ್ಲ. ಕರಿ ಲೀಫ್ ಎಂದು ಬರೆದಿರುವುದನ್ನು ನೋಡಿ, ಒಂದು ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸಿ ಕೊಳ್ಳುವುದು ಅತ್ಯಂತ ನಂಬಲರ್ಹ ಪರೀಕ್ಷೆ. ಬೀಜದಿಂದ ಬೆಳೆಸಬಯಸುವವರು ಕರಿಬೇವಿನ ಬೀಜಕ್ಕೆ ಆಯುಸ್ಸು ಬಹಳ ಕಡಿಮೆಯೆಂಬುದನ್ನು ತಿಳಿದಿರಬೇಕು. ಕಪ್ಪಾಗಿ ಮಾಗಿದ ಹಣ್ಣಿನ ತಿರುಳು ತೆಗೆದು ಕೆಲವೇ ದಿನಗಳಲ್ಲಿ ಬೆಚ್ಚನೆಯ ಜಾಗದಲ್ಲಿ ಬಿತ್ತಿದರೆ ಮಾತ್ರ ಮೊಳೆಯುತ್ತದೆ. ಪೊಟ್ಟಣದಲ್ಲಿ ಒಣಗಿಸಿಟ್ಟು ಮಾರುವ ಬೀಜಕ್ಕೆ ಹಣ ಸುರಿಯುವುದು ವ್ಯರ್ಥ. ಇವೆಲ್ಲಕ್ಕಿಂತ ಉತ್ತಮವಾದದ್ದು, ಇದೇ ಪ್ರದೇಶದಲ್ಲಿ ಎರಡು ಮೂರು ಚಳಿಗಾಲ ಕಳೆದ ಗಿಡದ ಬುಡದಲ್ಲಿ ಬೇರಿನಿಂದ ಎದ್ದ ಮರಿ. ಅದು ತಾಯಿಗಿಡದ ತದ್ರೂಪಾದ್ದರಿಂದ ಚಳಿ ತಾಳುವ ಗುಣವೂ ಅದರೊಂದಿಗೆ ಬರುತ್ತದೆ. ನವೆಂಬರ್‌ನಲ್ಲಿ ತನ್ನದೇ ಬೇರುಳ್ಳ ಮರಿಯನ್ನು ಚೂಪಾದ ಸಲಿಕೆಯಿಂದ ಬೇರ್ಪಡಿಸಿ ಸಣ್ಣ ಕುಂಡಕ್ಕೆ ಹಾಕಬೇಕು.

2. ನೆಲವೋ ಕುಂಡವೋ ಎಂದು ನಿರ್ಧರಿಸುವುದು. ಕ್ರೇಗಿಬರ್ನ್‌ನ ಬಹುತೇಕ ಮನೆಗಳಿಗೆ ಕುಂಡವೇ ಸರಿ. ಮಣ್ಣಿನ ಹದ, ನೀರು, ಬಿಸಿಲು ಮೂರೂ ಆಗ ಬೆಳೆಗಾರರ ಕೈಯಲ್ಲಿರುತ್ತವೆ, ಚಳಿಗಾಲದಲ್ಲಿ ಗಿಡವನ್ನು ಬಿಸಿಲಿರುವಲ್ಲಿಗೆ ಸರಿಸಬಹುದು. ನೆಲದಲ್ಲೇ ನೆಡಬೇಕೆನ್ನುವವರು ಮೊದಲು 30 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಅದಕ್ಕೆ ನೀರು ತುಂಬಿಸಿ ಬಸಿಯಲು ಬಿಟ್ಟು, ಮತ್ತೊಮ್ಮೆ ತುಂಬಿಸಿ ಗಂಟೆಗೆ ಎಷ್ಟು ಇಳಿಯುತ್ತದೆಂದು ಅಳೆಯಬೇಕು. ಗಂಟೆಗೆ ಎರಡೂವರೆ ಸೆಂಟಿಮೀಟರಿಗಿಂತ ಕಡಿಮೆ ಇಳಿದರೆ ಆ ನೆಲ ಕರಿಬೇವಿಗೆ ತಕ್ಕುದಲ್ಲ. ಅಂಥಲ್ಲಿ ಗುಂಡಿ ತೋಡಿ ಸಡಿಲ ಮಣ್ಣು ತುಂಬಿ ನೆಡುವುದು ಇನ್ನೂ ಅಪಾಯ: ಸುತ್ತಲಿನ ಜೇಡಿಯಿಂದ ಹೊರಗೆ ಹೋಗಲಾರದ ನೀರು ಆ ಗುಂಡಿಯಲ್ಲಿ ಬಾನಿಯಲ್ಲಿ ನಿಂತಂತೆ ನಿಲ್ಲುತ್ತದೆ. ಬದಲಿಗೆ ನೆಲದ ಮೇಲೆಯೇ ಮೀಟರ್ ಅಗಲ, 30ರಿಂದ 40 ಸೆಂಟಿಮೀಟರ್ ಎತ್ತರದ ದಿಬ್ಬ ಮಾಡಿ, ಅದರ ನೆತ್ತಿಯಲ್ಲಿ ನೆಡಬೇಕು.

ಜೇಡಿಮಣ್ಣೆಂದ ಕೂಡಲೇ ಜಿಪ್ಸಮ್ ಸುರಿಯುವ ರೂಢಿ ಇಲ್ಲಿಯ ತೋಟಗಾರರಲ್ಲಿದೆ. ಜಿಪ್ಸಮ್ ಕೆಲಸ ಮಾಡುವುದು ಸೋಡಿಯಂ ಹೆಚ್ಚಾಗಿ ನೀರಿನಲ್ಲಿ ಕದಡಿಹೋಗುವ ಜೇಡಿಯಲ್ಲಿ ಮಾತ್ರ. ಒಣಗಿದ ಮಣ್ಣಿನ ಬಟಾಣಿ ಗಾತ್ರದ ಹೆಂಟೆಯೊಂದನ್ನು ಮಳೆನೀರು ತುಂಬಿದ ಗಾಜಿನ ಲೋಟಕ್ಕೆ ಅಲುಗಾಡಿಸದೆ ಬಿಟ್ಟು ಒಂದು ದಿನ ಕಾದರೆ ವಿಷಯ ತಿಳಿಯುತ್ತದೆ. ಹೆಂಟೆಯ ಸುತ್ತ ಹಾಲಿನಂಥ ಮಬ್ಬು ಹರಡಿದರೆ ಚದರ ಮೀಟರಿಗೆ ಸುಮಾರು ಒಂದು ಕಿಲೋ ಜಿಪ್ಸಮ್ ಬೆರೆಸುವುದು ಫಲಕಾರಿ, ನೀರು ತಿಳಿಯಾಗಿಯೇ ಉಳಿದರೆ ಆ ಖರ್ಚನ್ನು ಕಾಂಪೋಸ್ಟಿಗೆ ಮಾಡುವುದು ಲೇಸು.

3. ಕುಂಡ ಮತ್ತು ಮಿಶ್ರಣ. ಊರಿನ ಅಭ್ಯಾಸದಂತೆ ಹಿತ್ತಿಲಿನ ಮಣ್ಣಿಗೆ ಗೊಬ್ಬರ ಕಲಸಿ ಕುಂಡ ತುಂಬುವುದು ಇಲ್ಲಿ ನಡೆಯದು. ಕೆಂಪುಮಣ್ಣಿಗೆ ಹೊಂದುವ ಆ ಕ್ರಮ ಈ ಜೇಡಿಯಲ್ಲಿ ಕುಂಡವನ್ನು ಇಟ್ಟಿಗೆಯಾಗಿಸುತ್ತದೆ. ಆಸ್ಟ್ರೇಲಿಯಾದ ಗುಣಮಟ್ಟದ ಗುರುತಾದ ಕೆಂಪು ಟಿಕ್ ಇರುವ ಪ್ರೀಮಿಯಂ ಪಾಟಿಂಗ್ ಮಿಕ್ಸ್ ಮೂರು ಪಾಲು, ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳು ಅಥವಾ ದಪ್ಪ ಮರಳು ಒಂದು ಪಾಲು ಬೆರೆಸಿದರೆ ಸಾಕು. ಕುಂಡವನ್ನು ಹಂತಹಂತವಾಗಿ ದೊಡ್ಡದು ಮಾಡಬೇಕು: ಅಂಗೈಯಗಲದ ನರ್ಸರಿ ಕುಂಡದಿಂದ 20 ಸೆಂಟಿಮೀಟರಿನದಕ್ಕೆ, ಬೇರು ಅದನ್ನು ತುಂಬಿದ ಮೇಲೆ 30ರದಕ್ಕೆ, ಅನಂತರ 40ಕ್ಕೆ. ಪುಟ್ಟ ಸಸಿಯನ್ನು ಒಮ್ಮೆಲೇ ದೊಡ್ಡ ಕುಂಡಕ್ಕೆ ಇಳಿಸಿದಾಗ ಬೇರು ತಲುಪದ ಮಿಶ್ರಣವೆಲ್ಲ ಚಳಿಗಾಲವಿಡೀ ಒದ್ದೆಯಾಗಿಯೇ ಉಳಿಯುತ್ತದೆ.

4. ನೆಡುವ ಕಾಲ. ಮೆಲ್ಬರ್ನ್‌ನ ತೋಟಗಾರರು ಟೊಮೇಟೊ ಸಸಿಯನ್ನು ಮೆಲ್ಬರ್ನ್ ಕಪ್ ಕುದುರೆ ಪಂದ್ಯದ ದಿನಕ್ಕೆ, ಅಂದರೆ ನವೆಂಬರ್ ತಿಂಗಳ ಮೊದಲ ಮಂಗಳವಾರಕ್ಕೆ ನೆಡುವ ವಾಡಿಕೆ ಇಟ್ಟುಕೊಂಡಿದ್ದಾರೆ; ಆ ಹೊತ್ತಿಗೆ ಹಿಮದ ಭಯ ಕಳೆದು ಮಣ್ಣು ಬೆಚ್ಚಗಾಗಿರುತ್ತದೆ. ಕನ್ನಡಿಗರು ಇದನ್ನು ರಾಜ್ಯೋತ್ಸವದ ವಾರವೆಂದು ನೆನಪಿಟ್ಟುಕೊಳ್ಳಬಹುದು. ಹೊಸದಾಗಿ ನೆಡುವುದು, ಕುಂಡ ಬದಲಿಸುವುದು, ಮರಿ ಬೇರ್ಪಡಿಸುವುದು, ಒಣ ರೆಂಬೆ ಸವರುವುದು, ಈ ಎಲ್ಲ ಕೆಲಸಕ್ಕೂ ನವೆಂಬರ್ ಆರಂಭದಿಂದ ಡಿಸೆಂಬರ್ ನಡುವಿನವರೆಗಿನ ಅವಧಿ ತಕ್ಕದ್ದು. ಏಪ್ರಿಲ್‌ನಲ್ಲಿ ಅಂಗಡಿಗಳು ರಿಯಾಯಿತಿ ದರದಲ್ಲಿ ಬಿಡುವ ಸಸಿಯನ್ನು ಕೊಂಡವರು ಅದನ್ನು ಇದ್ದ ಕುಂಡದಲ್ಲೇ ಕಾಪಾಡಿ ನವೆಂಬರ್‌ವರೆಗೆ ಕಾಯಬೇಕು.

5. ಜಾಗ. ಮನೆಯ ಉತ್ತರಾಭಿಮುಖ ಇಟ್ಟಿಗೆ ಗೋಡೆಯ ಬುಡ ಅತ್ಯುತ್ತಮ. ಹಗಲೆಲ್ಲ ಬಿಸಿಲು ಹೀರಿದ ಇಟ್ಟಿಗೆ ರಾತ್ರಿ ಆ ಶಾಖವನ್ನು ನಿಧಾನವಾಗಿ ಬಿಡುತ್ತದೆ. ಮಾಡಿನ ಅಂಚು ಮಳೆಯನ್ನೂ ಹಿಮವನ್ನೂ ತಡೆಯುತ್ತದೆ. ಬೇಸಿಗೆಯಲ್ಲಿ ಮಾತ್ರ ಎಚ್ಚರ ಬೇಕು. ಒಳನಾಡಿನಿಂದ ಬೀಸುವ ಉತ್ತರದ ಬಿಸಿಗಾಳಿಯ ದಿನಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಇಲ್ಲಿ ಅಪರೂಪವಲ್ಲ. 2009ರ ಫೆಬ್ರವರಿ 7ರಂದು ಮೆಲ್ಬರ್ನ್‌ನಲ್ಲಿ 46.4 ಡಿಗ್ರಿ ದಾಖಲಾಗಿತ್ತು. ಅಂಥ ದಿನ ಕಪ್ಪು ಪ್ಲಾಸ್ಟಿಕ್ ಕುಂಡದೊಳಗಿನ ಬೇರು ಬೇಯುತ್ತದೆ. ಮುನ್ಸೂಚನೆ ನೋಡಿ ಕುಂಡವನ್ನು ಹಿಂದಿನ ಸಂಜೆಯೇ ಪೂರ್ವದ ನೆರಳಿಗೆ ಸರಿಸುವುದಕ್ಕೆ ಚಕ್ರದ ಮಣೆಯೊಂದು ಇದ್ದರೆ ಅನುಕೂಲ.

6. ನೀರು. ದಿನ ಲೆಕ್ಕ ಹಾಕಿ ನೀರು ಹಾಕಬಾರದು. ಬೆರಳನ್ನು ಎರಡು ಗೆಣ್ಣು ಮಣ್ಣಿನೊಳಗೆ ತೂರಿಸಿ, ಒಣಗಿದ್ದರೆ ಮಾತ್ರ ಕುಂಡದ ತಳದಿಂದ ಹೊರಬರುವಷ್ಟು ಹಾಕಬೇಕು. ಜನವರಿಯಲ್ಲಿ ಇದು ದಿನ ಬಿಟ್ಟು ದಿನವಾದೀತು, ಜುಲೈನಲ್ಲಿ ಎರಡು ಮೂರು ವಾರಕ್ಕೊಮ್ಮೆ. ಮೇಲ್ಮೈ ಒಣಗಿ ಒಳಗೆ ಒದ್ದೆಯಿರುವ ಸಂದರ್ಭ ಚಳಿಗಾಲದಲ್ಲಿ ಸಾಮಾನ್ಯವಾದ್ದರಿಂದ, ಕುಂಡವನ್ನು ಕೊಂಚ ಎತ್ತಿ ಅದರ ತೂಕ ಅರಿಯುವುದು ಬೆರಳಿಗಿಂತ ಖಚಿತ. ವಿಕ್ಟೋರಿಯಾದ ಶಾಶ್ವತ ನೀರುಬಳಕೆ ನಿಯಮಗಳಂತೆ, ಬಿಟ್ಟ ಕೂಡಲೇ ನಿಲ್ಲುವ ಕೈಮೂತಿಯುಳ್ಳ ಹೋಸಿನಿಂದ ಯಾವಾಗ ಬೇಕಾದರೂ ನೀರುಣಿಸಬಹುದು. ಹನಿ ಅಥವಾ ತುಂತುರು ವ್ಯವಸ್ಥೆಯನ್ನು ಸಂಜೆ 6ರಿಂದ ಬೆಳಿಗ್ಗೆ 10ರವರೆಗೆ ಮಾತ್ರ ಓಡಿಸಬೇಕು. ನೇರಳೆ ಬಣ್ಣದ ನಲ್ಲಿಯಿರುವ ಮನೆಗಳಿಗೆ ಬರುವುದು ಸಂಸ್ಕರಿಸಿದ ಮರುಬಳಕೆ ನೀರು. ತೋಟಕ್ಕೆ ಅದು ಒಪ್ಪಿತವಾದರೂ ಅದರಲ್ಲಿ ಲವಣಾಂಶ ತುಸು ಹೆಚ್ಚಿರುವುದರಿಂದ ಕುಂಡದಲ್ಲಿ ಕಾಲಕ್ರಮೇಣ ಉಪ್ಪು ಕೂಡಿಕೊಂಡು ಎಲೆಯಂಚು ಸುಟ್ಟಂತಾಗುತ್ತದೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಮಳೆನೀರು ಅಥವಾ ಕುಡಿಯುವ ನೀರನ್ನು ಧಾರಾಳವಾಗಿ ಹಾಯಿಸಿ ತೊಳೆಯಬೇಕು.

7. ಗೊಬ್ಬರ. ಸೊಪ್ಪಿನ ಗಿಡವಾದ್ದರಿಂದ ಕರಿಬೇವಿಗೆ ಸಾರಜನಕ ಮುಖ್ಯ. ನವೆಂಬರ್‌ನಲ್ಲಿ ನಿಧಾನವಾಗಿ ಕರಗುವ ಹರಳುಗೊಬ್ಬರ ಒಮ್ಮೆ, ಅನಂತರ ಮಾರ್ಚ್‌ವರೆಗೆ ತಿಂಗಳಿಗೊಮ್ಮೆ ಎರೆಗೊಬ್ಬರ ಅಥವಾ ತೆಳುವಾದ ದ್ರವಗೊಬ್ಬರ ಕೊಟ್ಟರೆ ಸಾಕು. ಇಲ್ಲಿ ಎಲ್ಲೆಡೆ ಶಿಫಾರಸಾಗುವ ಬ್ಲಡ್ ಆಂಡ್ ಬೋನ್ ಎಂಬುದು ಕಸಾಯಿಖಾನೆಯ ರಕ್ತ ಮತ್ತು ಮೂಳೆಯ ಪುಡಿಯಾದ್ದರಿಂದ ಸಸ್ಯಾಹಾರಿ ಮನೆಗಳವರು ಚೀಟಿ ಓದಿ ಕೊಳ್ಳುವುದು ಒಳ್ಳೆಯದು. ಕಡಲಕಳೆಯ ದ್ರವ ಬೇರಿಗೆ ಚೇತನ ನೀಡಬಹುದು. ಅದನ್ನೇ ಗೊಬ್ಬರವೆಂದು ತಿಳಿಯಬಾರದು. ಯುಗಾದಿ ಕಳೆದ ಮೇಲೆ ಯಾವ ಗೊಬ್ಬರವೂ ಬೇಡ. ಇಲ್ಲಿ ಯುಗಾದಿ ಬರುವುದು ಎಲೆ ಉದುರುವ ಕಾಲದಲ್ಲಿ. ಆಗ ಬಲವಂತದಿಂದ ಬರಿಸಿದ ಎಳೆಚಿಗುರು ಮೊದಲ ಹಿಮಕ್ಕೆ ಕಪ್ಪಾಗುತ್ತದೆ.

ಹುಳಿ ಮಜ್ಜಿಗೆಯ ವಿಷಯವನ್ನು ಇಲ್ಲಿಯೇ ಹೇಳಬೇಕು. ಕರ್ನಾಟಕದ ಮನೆಗಳಲ್ಲಿ ಕರಿಬೇವಿನ ಬುಡಕ್ಕೆ ಮಜ್ಜಿಗೆ ಹಾಕುವ ಪದ್ಧತಿಗೆ ಆಧಾರವಿಲ್ಲದಿಲ್ಲ: ಅದರಲ್ಲಿ ಅಲ್ಪಸ್ವಲ್ಪ ಸಾರಜನಕವಿದೆ, ಅದು ಮಣ್ಣನ್ನು ತುಸು ಆಮ್ಲೀಯವಾಗಿಸುತ್ತದೆ. ಬಿಸಿಲು ಕಾಯ್ದ ನೆಲದಲ್ಲಿ ಅದು ಬೇಗ ಕೊಳೆತು ಮಣ್ಣಿಗೆ ಸೇರುತ್ತದೆ. ಹತ್ತರಷ್ಟು ನೀರು ಬೆರೆಸಿ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಹಾಕಿದರೆ ಇಲ್ಲಿಯೂ ಹಾನಿಯಿಲ್ಲ. ಜೂನ್‌ನಲ್ಲಿ ಹಾಕಿದ ಮಜ್ಜಿಗೆ ಮಾತ್ರ ಕುಂಡದ ಮೇಲೆ ಬೂಷ್ಟು ಹಿಡಿದು, ಸಣ್ಣ ನೊಣಗಳನ್ನು ಕರೆದು, ಈಗಾಗಲೇ ಒದ್ದೆಯಾದ ಬೇರಿಗೆ ಮತ್ತಷ್ಟು ಒದ್ದೆ ಸೇರಿಸುತ್ತದೆ.

8. ಚಿವುಟುವುದು ಮತ್ತು ಕೊಯ್ಲು. ಗಿಡ ಮೊಣಕಾಲೆತ್ತರ ಆದಾಗ ನಡುಕುಡಿಯನ್ನು ಚಿವುಟಿದರೆ ಕೆಳಗಿನ ಮೊಗ್ಗುಗಳು ಕವಲೊಡೆದು ಪೊದೆಯಾಗುತ್ತದೆ. ಕೊಯ್ಯುವಾಗ ಬಿಡಿ ಎಲೆ ಕೀಳದೆ, ಎಸಳನ್ನು ಕಾಂಡಕ್ಕೆ ಸೇರುವಲ್ಲಿಂದ ಪೂರ್ತಿಯಾಗಿ ತೆಗೆಯಬೇಕು, ಒಂದು ಬಾರಿಗೆ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ಹೂಗೊಂಚಲನ್ನು ಮೊಗ್ಗಿನಲ್ಲೇ ಕತ್ತರಿಸಿದರೆ ಶಕ್ತಿ ಎಲೆಗೆ ಹೋಗುತ್ತದೆ. ಮೇಯಿಂದ ಸೆಪ್ಟೆಂಬರ್‌ವರೆಗೆ ಗಿಡವನ್ನು ಮುಟ್ಟದಿರುವುದು ಲೇಸು. ಏಪ್ರಿಲ್‌ನಲ್ಲಿ ಕೊಯ್ದ ಎಸಳುಗಳನ್ನು ಒರೆಸಿ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಟ್ಟರೆ ಚಳಿಗಾಲದ ಸಾರಿಗೆ ಒದಗುತ್ತದೆ.

9. ಚಳಿಗಾಲ. ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ ನೆಲಮಟ್ಟದ ಇಬ್ಬನಿ ಹೆಪ್ಪುಗಟ್ಟಿ ಹಿಮದ ಪದರವಾಗುತ್ತದೆ. ಅಂಥ ರಾತ್ರಿ ಗಿಡಕ್ಕೆ ಹಳೆಯ ಹತ್ತಿಯ ಬಟ್ಟೆ ಹೊದಿಸಿ ಬೆಳಿಗ್ಗೆ ತೆಗೆದರಾಯಿತು. ಕುಂಡದ ಕೆಳಗಿನ ತಟ್ಟೆಯನ್ನು ಮೇ ತಿಂಗಳಲ್ಲೇ ತೆಗೆದು, ಕುಂಡವನ್ನು ಇಟ್ಟಿಗೆ ಚೂರುಗಳ ಮೇಲೆ ಎತ್ತಿ ಇಡಬೇಕು. ಮನೆಯೊಳಗೆ ತಂದಿಡುವವರು ಉತ್ತರದ ಕಿಟಕಿಯ ಬಳಿ, ಹೀಟರಿನ ಗಾಳಿ ನೇರವಾಗಿ ತಾಗದಂತೆ ಇಡಬೇಕು. ನೆಲದ ಹೀಟರ್ ಜಾಲರಿಯ ಪಕ್ಕದಲ್ಲಿಟ್ಟ ಗಿಡ ಹೊರಗಿಟ್ಟದ್ದಕ್ಕಿಂತ ಬೇಗ ಒಣಗುತ್ತದೆ.

ಎಚ್ಚರಿಕೆಗಳು

ಪಾಟಿಂಗ್ ಮಿಕ್ಸ್ ಚೀಲದ ಮೇಲಿನ ಆರೋಗ್ಯ ಸೂಚನೆಯನ್ನು ಹಗುರವಾಗಿ ಕಾಣಬಾರದು. ಅದರ ದೂಳಿನಲ್ಲಿ ಲೀಜಿಯೊನೆಲ್ಲ ಎಂಬ ಬ್ಯಾಕ್ಟೀರಿಯಾ ಇರಬಹುದು, ಉಸಿರಿನೊಂದಿಗೆ ಒಳಹೋದರೆ ತೀವ್ರ ನ್ಯುಮೋನಿಯ ತರಬಲ್ಲದು, ವಯಸ್ಸಾದವರಿಗೆ ಅಪಾಯ ಹೆಚ್ಚು. ಚೀಲವನ್ನು ಬಯಲಿನಲ್ಲಿ, ಮುಖದಿಂದ ದೂರ ಹಿಡಿದು ತೆರೆದು, ಮಿಶ್ರಣಕ್ಕೆ ನೀರು ಚಿಮುಕಿಸಿ, ಮುಖಗವಸು ಮತ್ತು ಕೈಗವಸು ಹಾಕಿಕೊಂಡು ಬಳಸಿ, ಅನಂತರ ಕೈ ತೊಳೆಯಬೇಕು. ಊರಿನಿಂದ ಬಂದ ತಂದೆತಾಯಿ ಹಿತ್ತಿಲ ಕೆಲಸಕ್ಕೆ ಇಳಿಯುವ ಮನೆಗಳಲ್ಲಿ ಇದನ್ನು ಅವರಿಗೆ ಮೊದಲೇ ತಿಳಿಸಿರಬೇಕು.

ನುಗ್ಗೆ, ಮಾವಿನಂಥ ಮರಗಳನ್ನು ನೆಲದಲ್ಲಿ ನೆಡುವವರಿಗೆ ಇನ್ನೊಂದು ಮಾತು. ಉಬ್ಬಿ ಕುಗ್ಗುವ ಈ ಜೇಡಿಯಲ್ಲಿ ಮರದ ಬೇರು ನೀರು ಹೀರಿ ಅಡಿಪಾಯದ ಒಂದು ಪಕ್ಕದ ಮಣ್ಣನ್ನು ಕುಗ್ಗಿಸಿದರೆ ಗೋಡೆ ಬಿರುಕು ಬಿಡುತ್ತದೆ. ಮರ ಪೂರ್ತಿ ಬೆಳೆದಾಗ ಎಷ್ಟು ಎತ್ತರವಾಗುವುದೋ ಕನಿಷ್ಠ ಅಷ್ಟು ದೂರವನ್ನು ಮನೆಯಿಂದ ಬಿಡುವುದು ಸುರಕ್ಷಿತ ಅಳತೆ. ಆಳವಾಗಿ ತೋಡುವ ಮುನ್ನ ಬಿಫೋರ್ ಯು ಡಿಗ್ ಆಸ್ಟ್ರೇಲಿಯಾ ಸೇವೆಯಿಂದ ನೆಲದಡಿಯ ಕೊಳವೆ, ತಂತಿಗಳ ನಕ್ಷೆ ಪಡೆಯಬೇಕು.

ಸಾಮಾನ್ಯ ತಪ್ಪುಗಳು

ಎಲೆ ಹಳದಿಯಾದ ಕೂಡಲೇ ನೀರು ಸಾಲದೆಂದು ಬಗೆಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬೇರು ಕೊಳೆತ ಗಿಡವೂ ಬಾಯಾರಿದ ಗಿಡದಂತೆಯೇ ಬಾಡುತ್ತದೆ, ಏಕೆಂದರೆ ಎರಡಕ್ಕೂ ನೀರು ಮೇಲೇರುತ್ತಿಲ್ಲ. ಸಂದೇಹ ಬಂದಾಗ ಗಿಡವನ್ನು ಕುಂಡದಿಂದ ಮೆಲ್ಲನೆ ಜಾರಿಸಿ ಬೇರನ್ನು ನೋಡಬೇಕು. ಆರೋಗ್ಯವಂತ ಬೇರು ತಿಳಿಕಂದು ಬಣ್ಣದ್ದಾಗಿ ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಪ್ಪಗಾಗಿ, ಎರಡು ಬೆರಳ ನಡುವೆ ಹಿಡಿದೆಳೆದರೆ ಹೊರಸಿಪ್ಪೆ ಕಳಚಿ ಒಳಗಿನ ನಾರಷ್ಟೇ ಕೈಯಲ್ಲಿ ಉಳಿಯುತ್ತದೆ, ಹುಳಿತ ವಾಸನೆ ಬರುತ್ತದೆ. ಅಂಥ ಬೇರನ್ನು ಕತ್ತರಿಸಿ, ಹೊಸ ಒಣ ಮಿಶ್ರಣದಲ್ಲಿ ಸಣ್ಣ ಕುಂಡಕ್ಕೆ ಇಳಿಸಿ ಮಳೆ ತಾಗದಲ್ಲಿ ಇಟ್ಟರೆ ಕೆಲವು ಗಿಡ ಉಳಿಯುತ್ತವೆ.

ನೀರು ಬಸಿಯಲೆಂದು ಕುಂಡದ ತಳಕ್ಕೆ ಜಲ್ಲಿ ಹಾಕುವುದು ನಿರುಪಯುಕ್ತ. ಸಣ್ಣ ರಂಧ್ರಗಳ ಮಿಶ್ರಣದಿಂದ ದೊಡ್ಡ ಸಂದುಗಳ ಜಲ್ಲಿಗೆ ನೀರು ಸುಲಭವಾಗಿ ಇಳಿಯದೆ ಅಲ್ಲಿಯೇ ತಡೆದು ನಿಲ್ಲುವುದರಿಂದ ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಜುಲೈನ ಹಳದಿ ಎಲೆಗೆ ಕಬ್ಬಿಣಾಂಶದ ಔಷಧ ಹಾಕುವುದೂ ಹೀಗೆಯೇ. ಡಿಸೆಂಬರ್‌ನಲ್ಲಿ ಬಂದ ಹೊಸ ಚಿಗುರು ಹಸಿರು ನರಗಳ ನಡುವೆ ಹಳದಿಯಾಗಿದ್ದರೆ ಮಾತ್ರ ಅದು ಕಬ್ಬಿಣದ ಕೊರತೆ, ಚಳಿಗಾಲದ ಹಳದಿ ತಾನಾಗಿ ಹೋಗುವಂಥದ್ದು. ಶಲ್ಕ ಕೀಟಗಳಿಗೆ ಸಿಂಪಡಿಸುವ ತೋಟಗಾರಿಕೆ ಎಣ್ಣೆಯನ್ನು 30 ಡಿಗ್ರಿ ಮೀರಿದ ದಿನ ಬಳಸಿದರೆ ಎಲೆ ಸುಡುತ್ತದೆ. ಸತ್ತಿತೆಂದು ಗಿಡವನ್ನು ಅವಸರದಿಂದ ಕೀಳುವುದೂ ಬೇಡ: ಕಾಂಡವನ್ನು ಉಗುರಿನಿಂದ ತುಸು ಕೆರೆದಾಗ ಒಳಗೆ ಹಸಿರು ಕಂಡರೆ ಜೀವವಿದೆ, ಮೇಲೆ ಒಣಗಿದ್ದರೂ ಬುಡದ ಹತ್ತಿರ ಹಸಿರಿರಬಹುದು. ತಡವಾಗಿ, ಡಿಸೆಂಬರ್‌ನಲ್ಲಿ ಬುಡದಿಂದ ಚಿಗುರುವ ಗಿಡಗಳುಂಟು.

ಇತರ ಗಿಡಗಳ ವಿಷಯದಲ್ಲಿ ಕಷ್ಟ ಒಂದೇ ತೆರನಲ್ಲ. ತುಳಸಿಯನ್ನು ಒಂದು ವರ್ಷದ ಗಿಡವೆಂದೇ ಒಪ್ಪಿಕೊಂಡು, ಮಾರ್ಚ್‌ನಲ್ಲಿ ತೆನೆಯಿಂದ ಬೀಜ ತೆಗೆದಿಟ್ಟು ವಸಂತದಲ್ಲಿ ಮರಳಿ ಬಿತ್ತುವುದು ನೆಮ್ಮದಿಯ ದಾರಿ. ದೊಡ್ಡಪತ್ರೆಯ ಎರಡು ಕಡ್ಡಿಗಳನ್ನು ಏಪ್ರಿಲ್‌ನಲ್ಲಿ ಮನೆಯೊಳಗೆ ಬೇರೂರಿಸಿಕೊಂಡರೆ ಹೊರಗಿನದು ಹೋದರೂ ಚಿಂತೆಯಿಲ್ಲ. ಅರಿಶಿನ, ಶುಂಠಿ ಚಳಿಗಾಲದಲ್ಲಿ ಗಡ್ಡೆಯಾಗಿ ಮಲಗುತ್ತವೆ. ಆಗ ನೀರು ಪೂರ್ತಿ ನಿಲ್ಲಿಸಬೇಕು. ಲಿಂಬೆ ಇಲ್ಲಿಯ ಹವೆಗೆ ಚೆನ್ನಾಗಿ ಒಗ್ಗಿಕೊಂಡಿದೆಯಾದರೂ, ರೆಂಬೆಗಳಲ್ಲಿ ಗಂಟು ಕಟ್ಟುವ ಗಾಲ್ ಕಣಜದ ಕಾಟ ಮೆಲ್ಬರ್ನ್‌ನಲ್ಲಿ ವ್ಯಾಪಕವಾಗಿದೆ. ಕಣಜ ಹೊರಬರುವ ಮುನ್ನ, ಆಗಸ್ಟ್ ಮುಗಿಯುವುದರೊಳಗೆ, ಗಂಟುಗಳನ್ನು ಕತ್ತರಿಸಿ ತೆಗೆಯಬೇಕು.

ಊರಿನಿಂದ ತರಬಾರದ ಸಂಗತಿ

ಭಾರತದಿಂದ ಬರುವಾಗ ಹಸಿ ಕರಿಬೇವು, ಬೀಜ, ಬೇರುಮರಿ, ತವರಿನ ಒಂದು ಹಿಡಿ ಮಣ್ಣು, ಇವುಗಳಲ್ಲಿ ಯಾವುದನ್ನೂ ಚೀಲದಲ್ಲಿಟ್ಟುಕೊಳ್ಳಬಾರದು. ನಿಯಮದ ಹಿಂದೆ ಗಟ್ಟಿಯಾದ ಕಾರಣವಿದೆ. ಏಷ್ಯಾದ ಸಿಟ್ರಸ್ ಸಿಲಿಡ್ ಎಂಬ ರಸ ಹೀರುವ ಪುಟ್ಟ ಕೀಟ ಕರಿಬೇವಿನ ಎಳೆಚಿಗುರಿನಲ್ಲಿ ಮೊಟ್ಟೆಯಿಟ್ಟು ಸಂತಾನ ಬೆಳೆಸುತ್ತದೆ, ಮತ್ತು ಕಿತ್ತಳೆ ಜಾತಿಯ ಮರಗಳನ್ನು ಕೊಲ್ಲುವ ಗ್ರೀನಿಂಗ್ ರೋಗವನ್ನು ಹರಡುತ್ತದೆ. ಕೊಡಗಿನ ಕಿತ್ತಳೆ ತೋಟಗಳು ಸೊರಗಿದ್ದರ ಹಲವು ಕಾರಣಗಳಲ್ಲಿ ಈ ರೋಗವೂ ಒಂದು. 2005ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಪತ್ತೆಯಾದ ಮೇಲೆ ಅಲ್ಲಿಯ ಕಿತ್ತಳೆ ಉದ್ಯಮ ಕುಸಿಯಿತು. ಆಸ್ಟ್ರೇಲಿಯಾದ ತೋಟಗಳು ಇದುವರೆಗೆ ಈ ರೋಗದಿಂದ ಮುಕ್ತವಾಗಿವೆ. ಘೋಷಿಸದೆ ತಂದವರಿಗೆ ವಿಮಾನ ನಿಲ್ದಾಣದಲ್ಲಿ ದಂಡ ಬೀಳುತ್ತದೆ, ಕೆಲವು ತಾತ್ಕಾಲಿಕ ವೀಸಾಗಳನ್ನು ರದ್ದುಗೊಳಿಸುವ ಅಧಿಕಾರವೂ ಅಧಿಕಾರಿಗಳಿಗಿದೆ. ಹಿತ್ತಿಲಿನ ಕರಿಬೇವು ಅಥವಾ ಲಿಂಬೆಯ ಚಿಗುರಿನಲ್ಲಿ, ತಲೆ ತಗ್ಗಿಸಿ ಹಿಂಭಾಗ ಎತ್ತಿ ಓರೆಯಾಗಿ ಕೂತ ಕಂದುಬಣ್ಣದ ಸಣ್ಣ ಕೀಟಗಳೋ ಬಿಳಿಯ ಮೇಣದ ಎಳೆಗಳೋ ಕಂಡುಬಂದಲ್ಲಿ, ಗಿಡವನ್ನು ಕೀಳದೆ, ಬೇರೆಡೆಗೆ ಒಯ್ಯದೆ, ಚಿತ್ರ ತೆಗೆದುಕೊಂಡು, ವಿದೇಶಿ ಸಸ್ಯಕೀಟಗಳ ಸಹಾಯವಾಣಿ 1800 084 881ಕ್ಕೆ ಕರೆ ಮಾಡಿ ತಿಳಿಸಬೇಕೆಂದು ಓದುಗರಲ್ಲಿ ಕೋರಿಕೆ.